ಎರಡು ಕೋಟಿ ಪೊರೆಗಳನ್ನು ಕಾಯುವ ಕೆಲಸ

ಮುಳಬಾಗಿಲು ತಾಲ್ಲೂಕಿನ ಹಳ್ಳಿಗಳಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕಸುಬು. ಬೆದೆಗೆ ಬಂದ ಹಸುವಿನ ಮನೆಯಿಂದ ಫೋನ್ ಬಂದರೆ ಹೆಪ್ಪುಗಟ್ಟಿಸಿದ ವೀರ್ಯವಿರುವ ದ್ರವ ನೈಟ್ರೋಜನ್ ಕ್ಯಾನನ್ನು ಬೈಕಿಗೆ ಬಿಗಿದುಕೊಂಡು ಹೊರಡುತ್ತೇನೆ. ಈ ಕೆಲಸದ ಬಗ್ಗೆ ವಿಚಾರಿಸುವವರಿಗೆಲ್ಲ ಕೈಚಳಕದ ಮೇಲೆಯೇ ಕುತೂಹಲ. ಗರ್ಭಕಂಠವನ್ನು ಹೇಗೆ ಹಿಡಿಯುತ್ತೀರಿ, ಅದರ ಉಂಗುರಗಳನ್ನು ಗನ್, ಅಂದರೆ ವೀರ್ಯ ಸೇರಿಸುವ ಉಕ್ಕಿನ ಕಡ್ಡಿ, ಹೇಗೆ ದಾಟುತ್ತದೆ ಎಂದು ಕೇಳುತ್ತಾರೆ. ಆ ಹದ ಅಭ್ಯಾಸದಿಂದ ಬರುತ್ತದೆ. ಆದರೆ ಹಸು ಗಬ್ಬ ನಿಲ್ಲುವುದೋ ಬಿಡುವುದೋ ಎಂಬುದು ಎಷ್ಟೋ ಸಲ ಗನ್ ಒಳಗೆ ಹೋಗುವ ಮೊದಲೇ, ಕ್ಯಾನಿನಿಂದ ವೀರ್ಯ ತುಂಬಿದ ತೆಳು ಕೊಳವೆಯನ್ನು, ಅಂದರೆ ಸ್ಟ್ರಾವನ್ನು ಎತ್ತಿದ ಆ ಒಂದೆರಡು ನಿಮಿಷಗಳಲ್ಲೇ ತೀರ್ಮಾನವಾಗಿರುತ್ತದೆ. ನಮಗೆ ಕಲಿಸಿದ ನಿಯಮಗಳಲ್ಲಿ ಬಹುಪಾಲು ಒಂದೇ ವಸ್ತುವಿನ ರಕ್ಷಣೆಗಾಗಿ ಇವೆ: ವೀರ್ಯಾಣುವಿನ ಮೈಯನ್ನು ಸುತ್ತಿರುವ ಕೋಶಪೊರೆ. ಇದು ಮನಸ್ಸಿಗೆ ಬಂದ ಮೇಲೆ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ನನಗೆ ಉಳಿಯಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿ ಕೈಕೊಟ್ಟ ವರ್ಷ ಟೊಮೆಟೊ ಇಲ್ಲ, ಹಿಪ್ಪುನೇರಳೆಯೂ ಒಣಗುತ್ತದೆ. ಆಗ ಮನೆ ನಡೆಯುವುದು ಡೇರಿ ಬಟವಾಡೆಯ ಮೇಲೆ. ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ ಸುಮಾರು 21 ದಿನ ಕಾಯಬೇಕು. ಅಷ್ಟೂ ದಿನ ಹಸುವಿಗೆ ಹುಲ್ಲು, ಬೂಸಾ ಹಾಕಲೇಬೇಕು. ಹಾಗಾಗಿ ಸ್ಟ್ರಾದೊಳಗೆ ಏನಿದೆ, ಅದು ಯಾವುದರಿಂದ ಕೆಡುತ್ತದೆ ಎಂಬುದು ನಮ್ಮ ಕಡೆ ಹೊಟ್ಟೆಪಾಡಿನ ಪ್ರಶ್ನೆ.

ಒಂದು ಮಿನಿ ಸ್ಟ್ರಾದಲ್ಲಿ ಇರುವುದು ಕಾಲು ಮಿಲಿಲೀಟರ್ ದ್ರವ. ಅದರೊಳಗೆ ಎರಡು ಕೋಟಿ ವೀರ್ಯಾಣುಗಳು. ಒಂದೊಂದೂ ಒಂದು ಪೂರ್ಣ ಜೀವಕೋಶವೇ ಆದರೂ ಬಹಳ ವಿಚಿತ್ರವಾದ ಜೀವಕೋಶ. ತಲೆಯಲ್ಲಿ ಒತ್ತೊತ್ತಾಗಿ ತುಂಬಿಟ್ಟ ಕೋಶಕೇಂದ್ರ, ಕುತ್ತಿಗೆಯ ಕೆಳಗಿನ ಭಾಗದಲ್ಲಿ ಸುರುಳಿಯಾಗಿ ಸುತ್ತಿಕೊಂಡ ಮೈಟೋಕಾಂಡ್ರಿಯಗಳು, ಆಮೇಲೆ ಉದ್ದನೆಯ ಬಾಲ. ಕೋಶದ್ರವ್ಯ ಹೆಸರಿಗಷ್ಟೇ. ನಮ್ಮ ಚರ್ಮದ ಅಥವಾ ಯಕೃತ್ತಿನ ಕೋಶದ ಪೊರೆ ಅಲ್ಲಲ್ಲಿ ಹರಿದರೆ ಒಳಗಿನಿಂದ ಹೊಸ ಪೊರೆ ತಂದು ತೇಪೆ ಹಾಕುವ ವ್ಯವಸ್ಥೆ ಅಲ್ಲಿರುತ್ತದೆ. ವೀರ್ಯಾಣುವಿಗೆ ಆ ಬಂಡವಾಳ ಇಲ್ಲವೆಂದೇ ಹೇಳಬೇಕು. ಹುಟ್ಟುವಾಗ ಪಡೆದ ಪೊರೆಯಲ್ಲೇ ಕೊನೆಯವರೆಗೂ ಬದುಕಬೇಕು.

ಆ ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗವೇ ಒಂದು ನ್ಯಾನೊಮೀಟರ್. ಪೊರೆ ಮುಖ್ಯವಾಗಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳ ಎರಡು ಪದರ. ಅಣುವಿನ ತಲೆ ನೀರನ್ನು ಇಷ್ಟಪಡುತ್ತದೆ, ಅದರ ಎರಡು ಬಾಲಗಳು ನೀರಿನಿಂದ ದೂರ ಸರಿಯುತ್ತವೆ. ಅದಕ್ಕೇ ಬಾಲಗಳು ಒಳಮುಖವಾಗಿ ಒಂದಕ್ಕೊಂದು ಎದುರಾಗಿ, ತಲೆಗಳು ಎರಡೂ ಕಡೆಯ ನೀರಿನತ್ತ ಮುಖ ಮಾಡಿ ನಿಲ್ಲುತ್ತವೆ. ಪದರ ಎರಡೇ ಎಂದು 1925ರಲ್ಲಿ ಹೇಳಿದವರು ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್. ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿದಾಗ ಅದು ಕಣಗಳ ಮೈಯ ವಿಸ್ತೀರ್ಣದ ಎರಡರಷ್ಟು ಜಾಗ ಹಿಡಿಯಿತು ಎಂಬುದು ಅವರ ಆಧಾರ. ಈ ಕೊಬ್ಬು ನಿಂತ ಗೋಡೆಯಲ್ಲ, ಅದರಲ್ಲಿ ಪ್ರೋಟೀನುಗಳು ತೇಲಾಡುತ್ತಿರುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಕೊಟ್ಟರು. ನನ್ನ ಕೆಲಸಕ್ಕೆ ಅತ್ಯಂತ ಹತ್ತಿರದ ಮಾತು ಇದೇ. ಪೊರೆ ಬದುಕಿದೆ ಎಂದರೆ ಅದು ದ್ರವದಂತೆ ಹರಿಯುವ ಸ್ಥಿತಿಯಲ್ಲಿದೆ ಎಂದರ್ಥ.

ಇದನ್ನು ಕಣ್ಣಾರೆ ಕಂಡದ್ದು ತರಬೇತಿಯ ದಿನಗಳಲ್ಲಿ, ಸೂಕ್ಷ್ಮದರ್ಶಕದ ಕೆಳಗೆ. ಕರಗಿಸಿದ ವೀರ್ಯದ ಒಂದು ಹನಿಗೆ ಇಯೋಸಿನ್ ಮತ್ತು ನೈಗ್ರೋಸಿನ್ ಬಣ್ಣ ಬೆರೆಸಿ, ಗಾಜಿನ ಮೇಲೆ ತೆಳುವಾಗಿ ಎಳೆದು ಒಣಗಿಸಿದ್ದರು. ನೈಗ್ರೋಸಿನ್‌ನಿಂದ ಹಿನ್ನೆಲೆಯೆಲ್ಲ ಕಪ್ಪು. ಆ ಕಪ್ಪಿನಲ್ಲಿ ಕೆಲವು ತಲೆಗಳು ಅಚ್ಚ ಬಿಳಿ, ಕೆಲವು ಗುಲಾಬಿ. ಇಯೋಸಿನ್ ತೂತಿಲ್ಲದ ಪೊರೆಯನ್ನು ದಾಟಲಾರದು, ಹಾಗಾಗಿ ಬಿಳಿಯಾಗಿ ಉಳಿದವು ಬಣ್ಣ ಹಾಕುವ ಗಳಿಗೆಯಲ್ಲಿ ಜೀವಂತವಾಗಿದ್ದವು. ಗುಲಾಬಿಯವು ಪೊರೆ ಹರಿದು ಬಣ್ಣ ಕುಡಿದವು. ಒಂದೆರಡು ತಲೆಗಳ ಹಿಂಭಾಗ ಮಾತ್ರ ಗುಲಾಬಿಯಾಗಿ, ಮುಂಭಾಗ ಇನ್ನೂ ಬೆಳ್ಳಗೇ ಇತ್ತು. ಅವನ್ನೂ ಸತ್ತವುಗಳ ಲೆಕ್ಕಕ್ಕೇ ಸೇರಿಸಬೇಕು ಎಂದರು ಪಾಠ ಮಾಡುತ್ತಿದ್ದ ಪಶುವೈದ್ಯರು.

ಇನ್ನೊಂದು ಪರೀಕ್ಷೆ ನನಗೆ ಅದಕ್ಕಿಂತಲೂ ಹಿಡಿಸಿತು. ಸೋಡಿಯಂ ಸಿಟ್ರೇಟ್ ಮತ್ತು ಫ್ರಕ್ಟೋಸನ್ನು ಬಹಳ ತೆಳುವಾಗಿ ಕರಗಿಸಿದ ನೀರಿಗೆ ವೀರ್ಯಾಣುಗಳನ್ನು ಬಿಟ್ಟು 37 ಡಿಗ್ರಿಯಲ್ಲಿ ಇಡುತ್ತಾರೆ. ಹೊರಗೆ ಲವಣ ಕಡಿಮೆ, ಒಳಗೆ ಹೆಚ್ಚು. ಅಭಿಸರಣೆಯ ನಿಯಮದಂತೆ ನೀರು ಒಳಕ್ಕೆ ನುಗ್ಗುತ್ತದೆ. ಪೊರೆ ಸರಿಯಾಗಿದ್ದರೆ ಬಾಲದ ಭಾಗ ಉಬ್ಬುತ್ತದೆ, ಉಬ್ಬಿದ ಪೊರೆಯೊಳಗೆ ಬಾಲದ ಎಳೆಗಳು ಬಾಗಿ ಸುತ್ತಿಕೊಳ್ಳುತ್ತವೆ. ಪೊರೆ ತೂತಾಗಿದ್ದರೆ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಸೋರುತ್ತದೆ, ಬಾಲ ನೆಟ್ಟಗೇ ಇರುತ್ತದೆ. ನೆಟ್ಟಗಿರುವುದೇ ಆರೋಗ್ಯ, ಸುರುಳಿಯಾದದ್ದೇ ರೋಗ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ನಿಜ ಅದಕ್ಕೆ ತದ್ವಿರುದ್ಧ. ಅಂದಿನಿಂದ ನೀರು ಎಂದರೆ ನನಗೆ ಬೇರೆಯೇ ಎಚ್ಚರ.

ಇಷ್ಟು ಸೂಕ್ಷ್ಮವಾದ ಪೊರೆಯನ್ನು ಮೈನಸ್ 196 ಡಿಗ್ರಿಗೆ ಇಳಿಸಿ ವರ್ಷಗಟ್ಟಲೆ ಇಡುತ್ತೇವೆ ಎಂಬುದೇ ನನಗೆ ಇಂದಿಗೂ ಬೆರಗು. ಅಲ್ಲಿಗೆ ಹೋಗುವ ದಾರಿಯಲ್ಲಿ ಎರಡು ಗಂಡಾಂತರಗಳಿವೆ. ಮೊದಲನೆಯದು ಮಂಜುಗಟ್ಟುವ ಮೊದಲೇ ಬರುತ್ತದೆ. ಮೈಯ ಬಿಸಿಯಿಂದ ಐದು ಡಿಗ್ರಿಗೆ ಇಳಿಯುವಾಗ, ಮಾರ್ಗಶಿರದ ಚಳಿಗೆ ಸೀಸೆಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ಹಾಗೆ ಪೊರೆಯ ಕೊಬ್ಬು ಗಟ್ಟಿಯಾಗತೊಡಗುತ್ತದೆ. ಬೇರೆ ಬೇರೆ ಕೊಬ್ಬುಗಳು ಬೇರೆ ಬೇರೆ ಉಷ್ಣತೆಯಲ್ಲಿ ಗಟ್ಟಿಯಾಗುವುದರಿಂದ ಪೊರೆಯಲ್ಲಿ ತೇಪೆ ತೇಪೆಯಾಗಿ ಗಡಿಗಳು ಮೂಡಿ, ಆ ಗಡಿಗಳಲ್ಲಿ ಸೋರಿಕೆ ಶುರುವಾಗುತ್ತದೆ. ಒಳಗಿರಬೇಕಾದದ್ದು ಹೊರಗೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ. ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದರೆ ಈ ಹೊಡೆತ ಕಡಿಮೆ. ಮನುಷ್ಯನ ವೀರ್ಯಾಣುವಿಗೆ ಹೋಲಿಸಿದರೆ ಹೋರಿಯದರಲ್ಲಿ ಕೊಲೆಸ್ಟರಾಲ್ ಪ್ರಮಾಣ ಕಡಿಮೆ, ಹಂದಿಯದರಲ್ಲಿ ಇನ್ನೂ ಕಡಿಮೆ. ಇದಕ್ಕೆ ಕಂಡುಕೊಂಡ ಮದ್ದು ಕೋಳಿಮೊಟ್ಟೆಯ ಹಳದಿ. ಅದರಲ್ಲಿರುವ ಕೊಬ್ಬು ಬೆರೆತ ಪ್ರೋಟೀನು ಪೊರೆಯ ಹೊರಮೈಗೆ ಅಂಟಿಕೊಂಡು ಕಾಪಾಡುತ್ತದೆ.

ಎರಡನೆಯದು ಮಂಜಿನ ಹರಳು. ಮೊದಲು ಹೊರಗಿನ ನೀರು ಹೆಪ್ಪುಗಟ್ಟುತ್ತದೆ. ಉಳಿದ ದ್ರವದಲ್ಲಿ ಲವಣ ಸಾಂದ್ರವಾಗಿ ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ. ಬಹಳ ನಿಧಾನವಾಗಿ ತಂಪಾಗಿಸಿದರೆ ಕೋಶ ಬತ್ತಿ ಲವಣದ ಕಾಟಕ್ಕೆ ಸಾಯುತ್ತದೆ. ಬಹಳ ಬೇಗ ತಂಪಾಗಿಸಿದರೆ ನೀರು ಹೊರಬರಲು ಸಮಯ ಸಿಗದೆ ಒಳಗೇ ಹರಳಾಗಿ ಪೊರೆಯನ್ನು ಸೀಳುತ್ತದೆ. ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ದಾರಿ ತೋರಿದ್ದು ಗ್ಲಿಸರಾಲ್. 1949ರಲ್ಲಿ ಲಂಡನ್ನಿನಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು ಕೋಳಿಯ ವೀರ್ಯದ ಮೇಲೆ ಪ್ರಯೋಗ ಮಾಡುವಾಗ ಸಕ್ಕರೆ ದ್ರಾವಣವೆಂದುಕೊಂಡ ಸೀಸೆಯಲ್ಲಿ ಗ್ಲಿಸರಾಲ್ ಇತ್ತು, ಹೆಪ್ಪುಗಟ್ಟಿ ಕರಗಿದ ಮೇಲೂ ವೀರ್ಯಾಣುಗಳು ಚಲಿಸಿದವು. ಗ್ಲಿಸರಾಲ್ ಪೊರೆಯನ್ನು ದಾಟಿ ಒಳಗೂ ಹೋಗಬಲ್ಲದು, ನೀರಿನ ಜೊತೆ ಬೆರೆತು ಹರಳಿನ ಪ್ರಮಾಣವನ್ನು ತಗ್ಗಿಸುತ್ತದೆ. ಆ ಕಂಡುಹಿಡಿತ ಇಲ್ಲದಿದ್ದರೆ ಹೆಸರಘಟ್ಟದ ವೀರ್ಯ ಕೇಂದ್ರದಲ್ಲಿ ತುಂಬಿದ ಸ್ಟ್ರಾ ನಮ್ಮ ಹಳ್ಳಿಯ ಹಟ್ಟಿಗೆ ಬರುತ್ತಲೇ ಇರಲಿಲ್ಲ.

ಎಷ್ಟೇ ಎಚ್ಚರ ವಹಿಸಿದರೂ ಘನೀಕರಣದಲ್ಲಿ ಬಹಳಷ್ಟು ಸಾಯುತ್ತವೆ. ಕರಗಿಸಿದ ಮೇಲೆ ಕನಿಷ್ಠ ಅರ್ಧದಷ್ಟಾದರೂ ಚಲಿಸುತ್ತಿರಬೇಕು ಎಂಬುದು ನಮ್ಮ ದೇಶದ ವೀರ್ಯ ಕೇಂದ್ರಗಳು ಪಾಲಿಸಬೇಕಾದ ಗುಣಮಟ್ಟ. ಅಂದರೆ ನನ್ನ ಕೈಗೆ ಬರುವಾಗಲೇ ಎರಡು ಕೋಟಿಯಲ್ಲಿ ಒಂದು ಕೋಟಿಯಷ್ಟೇ ಬಳಕೆಗೆ ಯೋಗ್ಯ. ಉಳಿದದ್ದನ್ನು ಕಳೆಯದಿರುವುದು ನನ್ನ ಜವಾಬ್ದಾರಿ.

ಈಗ ಹಟ್ಟಿಯಲ್ಲಿ ನಾನು ಮಾಡುವುದನ್ನು ಹೇಳುತ್ತೇನೆ. ಮೊದಲು ಹಸುವನ್ನು ಪರೀಕ್ಷಿಸುತ್ತೇನೆ. ಲೋಳೆ ತಿಳಿಯಾಗಿ, ದಾರದಂತೆ ಇಳಿಯುತ್ತಿರಬೇಕು. ಕೀವು ಬೆರೆತಿದ್ದರೆ ಸ್ಟ್ರಾ ಮುಟ್ಟುವುದೇ ಇಲ್ಲ, ಪಶುವೈದ್ಯರಿಗೆ ತೋರಿಸಲು ಹೇಳುತ್ತೇನೆ. ಎಲ್ಲ ಸರಿಯಿದ್ದರೆ ನೀರು ಸಿದ್ಧ ಮಾಡಿಕೊಳ್ಳುತ್ತೇನೆ. “ಡಾಕ್ಟರೇ, ನೀರು ಕಾಯಿಸಿಟ್ಟಿದ್ದೇನೆ, ಕೈಗೆ ಹಿತವಾಗಿದೆ, ಸಾಕಲ್ಲವೇ?” ಎಂದು ಕೇಳುವ ಅಜ್ಜಿಯೊಬ್ಬರು ನಂಗಲಿ ಕಡೆ ಇದ್ದಾರೆ. “ಕೈಯ ಲೆಕ್ಕ ಬೇಡ ಅಜ್ಜಿ, ಅಳೆದೇ ಬಿಡೋಣ” ಎಂದು ಥರ್ಮಾಮೀಟರ್ ಇಳಿಸುತ್ತೇನೆ. 37 ಡಿಗ್ರಿ ಬರುವವರೆಗೆ ತಣ್ಣೀರು ಬೆರೆಸುತ್ತೇನೆ. ಹೆಚ್ಚು ಬಿಸಿಯಾದರೆ ಪೊರೆಯಲ್ಲಿರುವ ಪ್ರೋಟೀನು ಕೆಡುತ್ತದೆ.

ನೀರು ಸಿದ್ಧವಾದ ಮೇಲೆಯೇ ಕ್ಯಾನಿನ ಮುಚ್ಚಳ ತೆಗೆಯುವುದು. ಸ್ಟ್ರಾಗಳ ಗೊಂಚಲಿರುವ ಒಳಡಬ್ಬಿಯನ್ನು, ಅಂದರೆ ಕ್ಯಾನಿಸ್ಟರನ್ನು, ಕ್ಯಾನಿನ ಕತ್ತಿನ ಒಳಗೇ ನಿಲ್ಲಿಸಿ, ಚಿಮಟದಿಂದ ಒಂದೇ ಸ್ಟ್ರಾ ಹಿಡಿದು ಎಳೆಯುತ್ತೇನೆ, ಉಳಿದವನ್ನು ತಕ್ಷಣ ಕೆಳಗಿಳಿಸುತ್ತೇನೆ. ಯಾವ ಹೋರಿಯದು ಎಂದು ಓದಲು ಗೊಂಚಲನ್ನೇ ಬಿಸಿಲಿಗೆ ಎತ್ತಿ ಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ತೆಳ್ಳನೆಯ ಸ್ಟ್ರಾ ಬಿಸಿಗಾಳಿ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಮೈನಸ್ 130 ಡಿಗ್ರಿಗಿಂತ ಮೇಲೆ ಬರುತ್ತದೆ. ಅಲ್ಲಿಂದ ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡವಾಗತೊಡಗುತ್ತವೆ. ಮತ್ತೆ ನೈಟ್ರೋಜನ್‌ಗೆ ಇಳಿಸಿದರೂ ಆದ ಗಾಯ ಮಾಯುವುದಿಲ್ಲ, ಹೊರಗಿನಿಂದ ನೋಡಿದರೆ ಸ್ಟ್ರಾ ಮಾತ್ರ ಹಾಗೇ ಇರುತ್ತದೆ.

ತೆಗೆದ ಸ್ಟ್ರಾ ನೇರವಾಗಿ ನೀರಿಗೆ, 30 ಸೆಕೆಂಡು. ಅಂಗೈಯಲ್ಲಿ ಉಜ್ಜಿಯೋ ಜೇಬಿನಲ್ಲಿಟ್ಟೋ ಕರಗಿಸುವ ರೂಢಿ ಇನ್ನೂ ಕೆಲವೆಡೆ ಇದೆ. ಅದು ನಿಧಾನ, ಹರಳುಗಳು ಬೆಳೆಯಲು ಬಿಡುವು ಕೊಟ್ಟಂತೆ. ಬೇಗ ಕರಗಿದಷ್ಟೂ ಪೊರೆಗೆ ಕ್ಷೇಮ. ಆಮೇಲೆ ಸ್ಟ್ರಾವನ್ನು ಒಣ ಹತ್ತಿಯಿಂದ ಪೂರ್ತಿ ಒರೆಸುತ್ತೇನೆ, ಎಲ್ಲಿಯೂ ತೇವ ಉಳಿಯಬಾರದು. ಕತ್ತರಿಸುವಾಗ ಒಂದು ಹನಿ ನೀರು ಒಳಸೇರಿದರೆ ಕಾಲು ಮಿಲಿಲೀಟರಿಗೆ ಅದು ದೊಡ್ಡ ಪ್ರಮಾಣ. ಪೊರೆ ಸರಿಯಿದ್ದವುಗಳೊಳಕ್ಕೂ ನೀರು ನುಗ್ಗಿ, ಸೂಕ್ಷ್ಮದರ್ಶಕದಲ್ಲಿ ಕಂಡ ಸುರುಳಿ ಬಾಲಗಳು ಆಗ ಸ್ಟ್ರಾದೊಳಗೇ ತಯಾರಾಗುತ್ತವೆ. ಹತ್ತಿಯ ಬಿರಡೆ ಇರುವ ತುದಿ ಗನ್ನಿನೊಳಗೆ, ಸೀಲ್ ಇರುವ ತುದಿಯನ್ನು ನೇರವಾಗಿ ಕತ್ತರಿಸಿ ಮೇಲೆ ಶೀತ್ ಎಂಬ ಪ್ಲಾಸ್ಟಿಕ್ ಹೊದಿಕೆ ಹಾಕುತ್ತೇನೆ.

ಸಾಬೂನಿನ ವಿಷಯ ಬೇರೆಯಾಗಿಯೇ ಹೇಳಬೇಕು. ಸಗಣಿ ತೆಗೆಯಲು ಕೈಗವಸಿಗೆ ಸಾಬೂನು ನೀರು ಸವರಿಕೊಳ್ಳುತ್ತೇವೆ. ಸಾಬೂನಿನ ಅಣುವಿಗೂ ಪೊರೆಯ ಅಣುವಿಗೂ ಗುಣದಲ್ಲಿ ನಂಟಿದೆ, ಒಂದು ತುದಿ ನೀರಿಗೆ, ಇನ್ನೊಂದು ಕೊಬ್ಬಿಗೆ. ಪಾತ್ರೆಯ ಜಿಡ್ಡನ್ನು ಅದು ಬಿಡಿಸುವುದು ಈ ಗುಣದಿಂದಲೇ, ವೀರ್ಯಾಣುವಿನ ಪೊರೆಯನ್ನು ಕರಗಿಸುವುದೂ ಇದರಿಂದಲೇ. ಆದ್ದರಿಂದ ಯೋನಿದ್ವಾರವನ್ನು ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿಯೇ ಗನ್ ಒಳಗೆ ಬಿಡುವುದು. ಕ್ರಿಮಿನಾಶಕವನ್ನೂ ಹತ್ತಿರ ತರುವುದಿಲ್ಲ.

ಧನುರ್ಮಾಸದ ಬೆಳಗುಗಳಲ್ಲಿ ಇನ್ನೊಂದು ಜಾಗ್ರತೆ ಬೇಕು. 37 ಡಿಗ್ರಿಯಲ್ಲಿ ಎಚ್ಚೆತ್ತ ವೀರ್ಯಾಣುವನ್ನು ಕೊರೆಯುವ ಉಕ್ಕಿನ ಗನ್ನಿಗೆ ತುಂಬಿದರೆ ಪೊರೆಯ ಕೊಬ್ಬು ಮತ್ತೆ ಗಟ್ಟಿಯಾಗುವ ದಾರಿ ಹಿಡಿಯುತ್ತದೆ. ಗನ್ನನ್ನು ಮೊದಲೇ ಬಟ್ಟೆಯಿಂದ ಉಜ್ಜಿ ಬೆಚ್ಚಗೆ ಮಾಡಿ, ತುಂಬಿದ ಮೇಲೆ ಅಂಗಿಯೊಳಗೆ ಬೆನ್ನಿಗೆ ಸಿಕ್ಕಿಸಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಅದೇ ಗನ್ನನ್ನು ಬಿಸಿಲಿನಿಂದ ಮರೆಮಾಡಬೇಕು.

ವೇಳೆಯ ಲೆಕ್ಕದ ಹಿಂದೆಯೂ ಪೊರೆಯೇ ಇದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬುದು ಹಳೆಯ ನಿಯಮ. ಅಂಡಾಣು ಬಿಡುಗಡೆಯಾಗುವುದು ಬೆದೆ ಮುಗಿದು ಸುಮಾರು 10ರಿಂದ 14 ಗಂಟೆಗಳ ಮೇಲೆ. ಹೊಸದಾಗಿ ಬಂದ ವೀರ್ಯಾಣು ನೇರವಾಗಿ ಅಂಡಾಣುವನ್ನು ಸೇರಲಾರದು. ಹಸುವಿನ ಗರ್ಭನಾಳದಲ್ಲಿ ಕೆಲವು ಗಂಟೆ ಕಳೆದು, ಪೊರೆಯ ಕೊಲೆಸ್ಟರಾಲ್ ಸ್ವಲ್ಪ ಸ್ವಲ್ಪವಾಗಿ ಹೊರಹೋಗಿ, ಕ್ಯಾಲ್ಸಿಯಂ ಒಳಬಂದು ಅದು ಪಕ್ವವಾಗಬೇಕು. ಘನೀಕರಿಸಿದ ವೀರ್ಯಾಣುಗಳಲ್ಲಿ ಚಳಿಯ ಪೆಟ್ಟಿನಿಂದಲೇ ಈ ಬದಲಾವಣೆ ಭಾಗಶಃ ಆಗಿಬಿಟ್ಟಿರುತ್ತದೆ. ಹಾಗಾಗಿ ಅವು ಬೇಗ ಸಿದ್ಧವಾಗುತ್ತವೆ, ಬೇಗ ಸಾಯುತ್ತವೆ. ಅವಸರ ಮಾಡಿ ಬೆದೆಯ ಆರಂಭದಲ್ಲೇ ಕೊಟ್ಟರೆ ಅಂಡಾಣು ಬರುವ ಹೊತ್ತಿಗೆ ಕಾಯುವವರೇ ಉಳಿದಿರುವುದಿಲ್ಲ. “ಈಗಲೇ ಹಾಕಿ ಹೋಗಿಬಿಡಿ” ಎಂದು ರೈತರು ಒತ್ತಾಯಿಸಿದಾಗ ನಾನು ಒಪ್ಪುವುದಿಲ್ಲ, ಸಂಜೆ ಮತ್ತೆ ಬರುತ್ತೇನೆ. ಪೆಟ್ರೋಲ್ ಖರ್ಚಾದರೂ ಚಿಂತೆಯಿಲ್ಲ.

ಹೆಣ್ಣುಕರುವೇ ಬೇಕು ಎನ್ನುವವರು ಈಗ ಲಿಂಗ ನಿರ್ಧರಿತ ವೀರ್ಯದ ಸ್ಟ್ರಾ ಕೇಳುತ್ತಾರೆ. ಹೆಣ್ಣುಕರು ಕೊಡುವ ಎಕ್ಸ್ ಮತ್ತು ಗಂಡುಕರು ಕೊಡುವ ವೈ ವೀರ್ಯಾಣುಗಳ ಡಿಎನ್ಎ ಪ್ರಮಾಣದಲ್ಲಿರುವ ಶೇಕಡಾ ನಾಲ್ಕರಷ್ಟು ವ್ಯತ್ಯಾಸವನ್ನು ಹಿಡಿದು ಯಂತ್ರ ಅವನ್ನು ಬೇರ್ಪಡಿಸುತ್ತದೆ. ಆ ಪ್ರಯಾಣದಲ್ಲಿ ಬಣ್ಣ, ಲೇಸರ್ ಬೆಳಕು, ಒತ್ತಡ ಎಲ್ಲವನ್ನೂ ಪೊರೆ ತಡೆದುಕೊಂಡಿರುತ್ತದೆ. ಸ್ಟ್ರಾದಲ್ಲಿ ಇರುವುದೂ ಸಾಮಾನ್ಯವಾಗಿ 20 ಲಕ್ಷದ ಆಸುಪಾಸು, ಮಾಮೂಲಿ ಸ್ಟ್ರಾದ ಹತ್ತನೇ ಒಂದು ಭಾಗ. ಆದ್ದರಿಂದ ಅದನ್ನು ಮೊದಲ ಅಥವಾ ಎರಡನೇ ಸೂಲಿನ, ಬೆದೆ ಸ್ಪಷ್ಟವಾಗಿ ಕಾಣುವ, ಮೈಕಟ್ಟು ಚೆನ್ನಾಗಿರುವ ಹಸುವಿಗೆ ಮಾತ್ರ ಬಳಸುತ್ತೇನೆ. ಮಾಮೂಲಿಗಿಂತ ಕೆಲವು ಗಂಟೆ ತಡವಾಗಿ, ಅಂಡಾಣು ಬರುವ ಹೊತ್ತಿಗೆ ಇನ್ನಷ್ಟು ಹತ್ತಿರವಾಗಿ ಕೊಡುತ್ತೇನೆ. ಗಬ್ಬ ನಿಲ್ಲದೆ ಪದೇ ಪದೇ ಬೆದೆಗೆ ತಿರುಗುವ ಹಸುವಿಗೆ ಅದನ್ನೇ ಹಾಕಿ ಎಂದು ಎಷ್ಟೇ ಕೇಳಿಕೊಂಡರೂ ಹಾಕುವುದಿಲ್ಲ. ಅಂಥ ಹಸುವಿನ ಗರ್ಭಕೋಶವನ್ನು ಮೊದಲು ಪಶುವೈದ್ಯರು ನೋಡಬೇಕು.