ವೈರ್‌ಲೆಸ್ ಗೇಟ್‌ವೇಯಲ್ಲಿ ಪ್ರೊಫಿನೆಟ್: ನನ್ನ ಅನುಭವ

ವೈರ್‌ಲೆಸ್ ಇದ್ದ ಕಡೆ ಪ್ರೊಫಿನೆಟ್ ನಿಲ್ಲೋದಿಲ್ಲ, ಸುಮ್ನೆ ಮಾಡ್‌ಬಸ್ ಟಿಸಿಪಿ ಹಾಕಿಬಿಡಿ. ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಎರಡೂ ಕಾರ್ಖಾನೆಯ ಸಾಧನಗಳು ಈಥರ್‌ನೆಟ್ ಮೇಲೆ ಮಾತಾಡೋ ಭಾಷೆಗಳು, ಪ್ರೊಫಿನೆಟ್‌ಗೆ ಮಾತ್ರ ಡೇಟಾ ಗಡುವಿನೊಳಗೆ ಬರಲೇಬೇಕು. ಈಗ ಇಪ್ಪತ್ತರ ಆಸುಪಾಸು ಬ್ಯಾಟರಿ ನೋಡ್‌ಗಳು (ಟ್ಯಾಂಕ್ ಮಟ್ಟ, ತಾಪಮಾನ ಅಳೆದು ರೇಡಿಯೋದಲ್ಲಿ ಕಳಿಸುವ ಸೆನ್ಸರ್‌ಗಳು), ಅವುಗಳ ಡೇಟಾ ಕೂಡಿಸುವ ಒಂದು ಗೇಟ್‌ವೇ, ಯಂತ್ರಗಳನ್ನು ನಡೆಸುವ ಒಂದು ಪಿಎಲ್‌ಸಿ ಇವೆ. ಗೇಟ್‌ವೇಯಿಂದ ಪಿಎಲ್‌ಸಿವರೆಗೆ ಎಲ್ಲಾ ಪ್ರೊಫಿನೆಟ್‌ನಲ್ಲೇ ಓಡುತ್ತಿದೆ. ಹೆಚ್ಚುಕಡಿಮೆ ಒಂದು ವರ್ಷ ಆಯಿತು. ಸಂಪರ್ಕ ಕೆಟ್ಟರೆ ಹತ್ತುವ ಬಸ್ ಫಾಲ್ಟ್ ಲೈಟ್ ಒಮ್ಮೆಯೂ ಕೆಂಪಾಗಿಲ್ಲ.

ಮೊದಲು ಹಿಡಿದ ದಾರಿ ವೈಫೈ ಬ್ರಿಜ್. ಟ್ಯಾಂಕ್‌ಗಳ ಹತ್ತಿರ ರಿಮೋಟ್ ಐಓ (ಸೆನ್ಸರ್ ತಂತಿಗಳು ಸೇರುವ ಪೆಟ್ಟಿಗೆ), ನಡುವೆ ಒಂದು ಜೊತೆ ರೇಡಿಯೋ. ಪ್ರೊಫಿನೆಟ್ ಆರ್‌ಟಿ, ಅಂದರೆ ಅದರ ರಿಯಲ್-ಟೈಮ್ ಡೇಟಾ, ಐಪಿ ಮೇಲೆ ಹೋಗೋದಿಲ್ಲ, ನೇರ ಈಥರ್‌ನೆಟ್ ಫ್ರೇಮ್ ಅಲ್ವಾ? ರೇಡಿಯೋ ಸಾಮಾನ್ಯ ಕ್ಲೈಂಟ್ ಮೋಡ್‌ನಲ್ಲಿದ್ದರೆ ಹಿಂದಿರುವ ಸಾಧನದ ಮ್ಯಾಕ್ ವಿಳಾಸ (ಈಥರ್‌ನೆಟ್‌ನಲ್ಲಿ ಅದರ ಗುರುತು) ಆಚೆಗೆ ದಾಟೋದೇ ಇಲ್ಲ. ಅದಕ್ಕಾಗಿ ಇನ್ನೊಂದು ಜೊತೆ ರೇಡಿಯೋ ಕೊಂಡೆವು. ಅದು ದಾಟಿಸಿತು, ಆದರೆ ಅಪ್‌ಡೇಟ್ ಟೈಮ್ (ಎಷ್ಟು ಸಮಯಕ್ಕೊಮ್ಮೆ ಡೇಟಾ ಹೋಗಬೇಕು ಅನ್ನೋದು) 2 ಮಿಲಿಸೆಕೆಂಡ್, ವಾಚ್‌ಡಾಗ್ (ಎಷ್ಟು ಸಲ ತಪ್ಪಬಹುದು ಅನ್ನೋ ಮಿತಿ) 3 ಸೈಕಲ್. ಅಂದರೆ 6 ಮಿಲಿಸೆಕೆಂಡ್ ಡೇಟಾ ಬರದಿದ್ದರೆ ಕನೆಕ್ಷನ್ ಕಟ್. ಫೋರ್ಕ್‌ಲಿಫ್ಟ್ ಅಡ್ಡ ಬಂದರೆ ಸಾಕು, ರೇಡಿಯೋ ಮತ್ತೆ ಮತ್ತೆ ಕಳಿಸುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಅಪ್‌ಡೇಟ್ ಟೈಮ್ 64ಕ್ಕೆ ಏರಿಸಿದೆ, 192 ಮಿಲಿಸೆಕೆಂಡ್ ಸಿಕ್ಕಿತು. ಬೀಳೋದು ಕಡಿಮೆಯಾಯಿತು, ನಿಲ್ಲಲಿಲ್ಲ. ಎರಡು ಜೊತೆ ರೇಡಿಯೋಗೆ ಹೋದ ಹಣದಲ್ಲಿ ಗೇಟ್‌ವೇ, ಅರ್ಧದಷ್ಟು ನೋಡ್ ಎಲ್ಲಾ ಬರುತ್ತಿತ್ತು. ಕೇಬಲ್ ಎಳೆಯೋ ಮಾತಂತೂ ಬೇಡ, ಕೊನೆಗೆ ಆದ ಖರ್ಚಿನ ಮೂರು ಪಟ್ಟು ಅಂದಾಜು ಬಂದಿತ್ತು.

ಆಮೇಲೆ ರೇಡಿಯೋ ವೇಗ ಬೇರೆ, ಈಥರ್‌ನೆಟ್ ವೇಗ ಬೇರೆ ಅಂತ ಪೂರ್ತಿ ಬಿಡಿಸಿಬಿಟ್ಟೆ. ಗೇಟ್‌ವೇಯನ್ನು ಪಿಎಲ್‌ಸಿ ಪ್ಯಾನೆಲ್ ಪಕ್ಕದಲ್ಲೇ ಕೂರಿಸಿ, ಗಿಡ್ಡ ಕೇಬಲ್‌ನಲ್ಲಿ ಸ್ವಿಚ್‌ಗೆ ಕೊಟ್ಟೆ. ಆಂಟೆನಾ ಮಾತ್ರ ಹೊರಗೆ, ಎತ್ತರದಲ್ಲಿ. ನೋಡ್‌ಗಳು ಅವುಗಳ ಪಾಡಿಗೆ 30 ಸೆಕೆಂಡಿಗೊಮ್ಮೆ ಗೇಟ್‌ವೇ ರಿಜಿಸ್ಟರ್ (ಬೆಲೆ ಇಡುವ ಖಾನೆ) ತುಂಬುತ್ತವೆ. ಪಿಎಲ್‌ಸಿ 128 ಮಿಲಿಸೆಕೆಂಡಿಗೊಮ್ಮೆ ಅಲ್ಲಿಂದ ಓದುತ್ತದೆ. ಟ್ಯಾಂಕ್ ಮಟ್ಟ ನೋಡೋಕೆ ಅದಕ್ಕಿಂತ ವೇಗ ಯಾಕೆ ಬೇಕು?

ಸೆಟ್ಟಿಂಗ್ ವಿಷಯ ನಿಮಗೆ ಗೊತ್ತಿರೋದೇ. ಗೇಟ್‌ವೇ ಮೋಡ್ ಪ್ರೊಫಿನೆಟ್‌ಗೆ ಬದಲಿಸಿ ರೀಬೂಟ್ ಮಾಡಿ, ಜಿಎಸ್‌ಡಿಎಂಎಲ್ ಫೈಲ್ (ಪಿಎಲ್‌ಸಿಗೆ ಗೇಟ್‌ವೇಯ ಪರಿಚಯ ಹೇಳುವ ಫೈಲ್) ಹಾಕಿ, ಐಪಿಯನ್ನು ಪಿಎಲ್‌ಸಿಯೇ ಕೊಡಲಿ ಬಿಡಿ. ಡಿವೈಸ್ ಹೆಸರಲ್ಲಿ ಅಂಡರ್‌ಸ್ಕೋರ್ ಬೇಡ, ಹೈಫನ್ ಹಾಕಿ. ಪಿಎಲ್‌ಸಿ ಪ್ರಾಜೆಕ್ಟ್‌ನ ಸ್ಲಾಟ್‌ನಲ್ಲಿ ಹಾಕಿದ ಮಾಡ್ಯೂಲ್‌ಗಳ (ಡೇಟಾ ತುಂಡುಗಳ) ಕ್ರಮ, ಅಳತೆ ಗೇಟ್‌ವೇ ಒಳಗಿನದಕ್ಕೆ ಹೊಂದಲೇಬೇಕು.

ಕನೆಕ್ಷನ್ ಹಸಿರಾದ ಮೇಲೂ ಪರದೆಯಲ್ಲಿ ಎಲ್ಲಾ ತಾಪಮಾನ 0.0. ನೋಡಿದವರು ರೇಡಿಯೋ ಸತ್ತಿದೆ ಅಂದರು. ಗೇಟ್‌ವೇ ತೆರೆದು ನೋಡಿದರೆ ಒಂದು ನೋಡ್‌ನ ಎರಡು ರಿಜಿಸ್ಟರ್‌ಗಳಲ್ಲಿ 0 ಮತ್ತು 16840. ಈ ಎರಡನ್ನು 16840, 0 ಅಂತ ಜೋಡಿಸಿ ಫ್ಲೋಟ್ (ಎರಡು ರಿಜಿಸ್ಟರ್ ಹಿಡಿಯುವ ದಶಮಾಂಶ ಸಂಖ್ಯೆ) ಆಗಿ ಓದಿದರೆ ಸರಿಯಾಗಿ 25.0. ಇದ್ದ ಕ್ರಮದಲ್ಲೇ ಓದಿದರೆ ಸೊನ್ನೆಗೆ ಅಂಟಿಕೊಂಡ ಸಂಖ್ಯೆ. ವರ್ಡ್ ಸ್ವಾಪ್, ಅಂದರೆ ಎರಡು ರಿಜಿಸ್ಟರ್‌ಗಳ ಅದಲುಬದಲು, ಹಾಕಿದ ಕೂಡಲೇ ಇಡೀ ಪರದೆ ತುಂಬಿತು.

ಇದಕ್ಕಿಂತ ಅಪಾಯದ್ದು ಹಳಸಿದ ಡೇಟಾ. ಒಂದು ನೋಡ್‌ನ ಬ್ಯಾಟರಿ ಬೇಕಂತಲೇ ಕಿತ್ತು ನೋಡಿದೆ. ಗೇಟ್‌ವೇ ಕೊನೆಯ ಬೆಲೆಯನ್ನೇ ಕಳಿಸುತ್ತಾ ಇತ್ತು. ಪ್ರೊಫಿನೆಟ್ ಹಸಿರು, ಪಿಎಲ್‌ಸಿಗೆ ಖುಷಿ, ಟ್ಯಾಂಕ್ ಮಟ್ಟ ಮಾತ್ರ ಸುಳ್ಳು. ಆವತ್ತಿನಿಂದ ಪ್ರತಿ ನೋಡ್‌ಗೆ ಒಂದು ವಯಸ್ಸಿನ ರಿಜಿಸ್ಟರ್ ಇಟ್ಟಿದ್ದೇನೆ. ಕೊನೆಯ ಸಂದೇಶ ಬಂದು ಎಷ್ಟು ಸೆಕೆಂಡ್ ಆಯಿತು ಅಂತ ಅದು ಹೇಳುತ್ತದೆ. ಮಿತಿ ಮೀರಿದರೆ ಪಿಎಲ್‌ಸಿ ಆ ಬೆಲೆಯನ್ನು ನಂಬೋದಿಲ್ಲ. ಸುಳ್ಳು ಅಲಾರ್ಮ್ ಬರದ ಹಾಗೆ ಪ್ರತಿ ನೋಡ್‌ನ ಮಿತಿ ಹೇಗೆ ಕಟ್ಟಿದೆ ಅನ್ನೋ ಲೆಕ್ಕ ಸದ್ಯ ನನ್ನ ಹತ್ತಿರವೇ ಇರಲಿ. ಅದಕ್ಕೆ ಜಾಸ್ತಿ ಬೆವರು ಹರಿದಿದೆ.

ನಡುವೆ ಒಂದು ನೋಡ್ ಸೆಕೆಂಡಿಗೊಮ್ಮೆ ಕಳಿಸಿದರೆ ಹೇಗೆ ಅಂತಲೂ ನೋಡಿದೆ. ವರ್ಷಗಟ್ಟಲೆ ಬರಬೇಕಾದ ಬ್ಯಾಟರಿ ಕೆಲವು ವಾರಕ್ಕೆ ಕೈಕೊಟ್ಟಿತು, ಟ್ರೆಂಡ್ ಗೆರೆಯಲ್ಲಿ ಹೊಸದೇನೂ ಕಾಣಲಿಲ್ಲ. ಆಂಟೆನಾವನ್ನು ತಗಡಿನ ಗೋಡೆಯಿಂದ ಒಂದು ಮೀಟರ್ ಆಚೆ ಸರಿಸಿದ್ದು ಮಾತ್ರ ಖರ್ಚಿಲ್ಲದ ಲಾಭ, ದೂರದ ಎರಡು ನೋಡ್‌ಗಳು ಆವತ್ತೇ ಸರಿಹೋದವು.

ಎರಡನೇ ಲೈನ್‌ನ ಪಿಎಲ್‌ಸಿಗೆ ಪ್ರೊಫಿನೆಟ್ ಬದಲು ಈಥರ್‌ನೆಟ್/ಐಪಿ ಅನ್ನೋ ಇನ್ನೊಂದು ಭಾಷೆ ಬೇಕಿತ್ತು. ಅಲ್ಲಿ ಆರ್‌ಪಿಐ (ಡೇಟಾ ಕಳಿಸುವ ಅಂತರ) 500 ಮಿಲಿಸೆಕೆಂಡ್ ಇಟ್ಟು, ಹಲವರಿಗೆ ಕಳಿಸುವ ಮಲ್ಟಿಕಾಸ್ಟ್ ತೆಗೆದು ಒಬ್ಬರಿಗೇ ಕಳಿಸುವ ಯೂನಿಕಾಸ್ಟ್ ಮಾಡಿದೆ. ಐಜಿಎಂಪಿ ಸ್ನೂಪಿಂಗ್ (ಬೇಕಾದ ಪೋರ್ಟ್‌ಗಷ್ಟೇ ಮಲ್ಟಿಕಾಸ್ಟ್ ಬಿಡುವ ಸೌಲಭ್ಯ) ಇಲ್ಲದ ಹಳೇ ಸ್ವಿಚ್‌ನಲ್ಲಿ ಮಲ್ಟಿಕಾಸ್ಟ್ ಬಿಟ್ಟರೆ ಎಲ್ಲಾ ಪೋರ್ಟ್‌ಗೂ ನುಗ್ಗುತ್ತದೆ. ಅಸೆಂಬ್ಲಿ (ಒಟ್ಟಿಗೆ ಹೋಗುವ ಡೇಟಾ ಕಟ್ಟು) ಅಳತೆ ಒಂದು ಬೈಟ್ ತಪ್ಪಿದರೂ ಕನೆಕ್ಷನ್ ತೆರೆಯೋದಿಲ್ಲ. ಫ್ಲೋಟ್ ಜೋಡಿಯ ಕ್ರಮವನ್ನು ಅಲ್ಲಿ ಮತ್ತೆ ತಿರುವಬೇಕಾಯಿತು, ಯಾಕಂದರೆ ಪ್ರೊಫಿನೆಟ್ ದೊಡ್ಡ ಬೈಟ್ ಮೊದಲು ಕಳಿಸುತ್ತದೆ, ಇದು ಚಿಕ್ಕದು ಮೊದಲು.

ಇಷ್ಟೆಲ್ಲಾ ಚೆನ್ನಾಗಿ ನಡೆದರೂ ಪಂಪ್ ಇಂಟರ್‌ಲಾಕ್, ಎಮರ್ಜೆನ್ಸಿ ಸ್ಟಾಪ್ ಎರಡನ್ನೂ ಈ ಗೇಟ್‌ವೇಗೆ ಕೊಟ್ಟಿಲ್ಲ, ಕೊಡೋದೂ ಇಲ್ಲ. ಅವು ತಂತಿಯಲ್ಲೇ ಇವೆ.