ಕ್ಯಾಂಪ್‌ಗೆ ಮುಂಚೆ ಮನೆಮನೆಗೆ

ಬೆಂಗಳೂರಿನ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ನಾನು ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷೆ ಮಾಡುವವನು. ಮಾಗಡಿ, ಕನಕಪುರ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಉಚಿತ ತಪಾಸಣೆ ನಡೆಸುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಕ್ಯಾಂಪ್ ದಿನದ ಬಗ್ಗೆಯೇ ಕೇಳುತ್ತಾರೆ. ಎಷ್ಟು ಟೇಬಲ್ ಬೇಕು, ಚಾರ್ಟ್ ಎಲ್ಲಿ ತೂಗುಹಾಕಬೇಕು, ಹೀಗೆ. ಅದು ಸುಲಭದ ಭಾಗ. ಮೈಕ್‌ನಲ್ಲಿ ಕೂಗಿದರೆ ನಡೆದು ಬರಬಲ್ಲವರು ಬರುತ್ತಾರೆ. ನಿಜವಾಗಿ ಕಣ್ಣು ಕಾಣದವರು ಶಾಮಿಯಾನದವರೆಗೆ ಬರುವುದೇ ಇಲ್ಲ.

ಅದಕ್ಕೇ ಒಂದೆರಡು ವಾರ ಮುಂಚೆ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗುತ್ತೇನೆ. ‘ಮನೇಲಿ ಯಾರಿಗಾದ್ರೂ ಕಣ್ಣು ಕಾಣಲ್ವಾ?’ ಎಂದರೆ ‘ಇಲ್ಲ’ ಅನ್ನುತ್ತಾರೆ. ವಯಸ್ಸಾದರೆ ಮಂಜಾಗುವುದು ಸಹಜ ಅಂದುಕೊಂಡಿರುತ್ತಾರೆ, ಅದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಹಾಗಾಗಿ ಬೇರೆ ಥರ ಕೇಳುತ್ತೇನೆ: ‘ಯಾರು ಈಚೆ ಬರೋದು ಬಿಟ್ಟಿದ್ದಾರೆ? ಅಕ್ಕಿ ಆರಿಸೋದು ಯಾರು ನಿಲ್ಲಿಸಿದ್ದಾರೆ?’ ಆಗ ಯಾರೋ ಒಳಗೆ ಹೋಗಿ ಕೈ ಹಿಡಿದು ಕರೆತರುತ್ತಾರೆ. ಹೆಚ್ಚಾಗಿ ಅಜ್ಜಿಯರೇ. ತಾತನ ಕಣ್ಣಿಗೆ ಆಪರೇಷನ್ ಆಗಿರುತ್ತದೆ, ಅಜ್ಜಿಯದು ‘ಆಮೇಲೆ ನೋಡೋಣ’. ಇದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ.

ಜಗಲಿಯ ಮೇಲೇ ಕೂರಿಸಿ ಪರೀಕ್ಷೆ ಮಾಡುತ್ತೇನೆ. ಒಂದು ಕಣ್ಣು ಮುಚ್ಚಿ, ಮೂರು ಮೀಟರ್ ದೂರದಿಂದ ಬೆರಳು ತೋರಿಸುವುದು. ಆಮೇಲೆ ಟಾರ್ಚ್. ಪಾಪೆ ಬೆಳ್ಳಗೆ ಕಂಡರೆ ಪೊರೆ ಬಲಿತಿದೆ ಎಂದರ್ಥ. ಸಣ್ಣ ತೂತಿರುವ ಪಿನ್‌ಹೋಲ್ ಹಿಡಿದಾಗ ಚೆನ್ನಾಗಿ ಕಂಡರೆ ಅವರಿಗೆ ಮುಖ್ಯವಾಗಿ ಬೇಕಿರುವುದು ಸರಿಯಾದ ಕನ್ನಡಕ.

ಪೊರೆ ಇದೆ ಎಂದ ತಕ್ಷಣ ಒಂದು ಮಾತು ಬಂದೇ ಬರುತ್ತದೆ: ‘ಇನ್ನೂ ಹಣ್ಣಾಗಲಿ ಸ್ವಾಮಿ.’ ಹಳೇ ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. ಈಗ ಕಾಯಬೇಕಿಲ್ಲ. ಜಾಸ್ತಿ ಬಲಿತರೆ ಪೊರೆಯೊಳಗಿನದು ಸೋರಿ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಡೆಯಲಾರದ ನೋವು ಬಂದು, ದೃಷ್ಟಿ ಶಾಶ್ವತವಾಗಿ ಹೋಗಬಹುದು. ಇದನ್ನು ಮಗನಿಗಲ್ಲ, ಅಜ್ಜಿಗೇ ಕೂತು ಹೇಳುತ್ತೇನೆ.

ಹಿರಿಯರು ಡಾ. ಎಂ.ಸಿ. ಮೋದಿ ಅವರನ್ನು ನೆನೆಯುತ್ತಾರೆ. ಊರೂರಿಗೆ ಹೋಗಿ ಕ್ಯಾಂಪ್‌ನಲ್ಲೇ ಸಾವಿರಾರು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದ ಮಹಾನುಭಾವ ಅವರು. ಆಗ ಪೊರೆ ತೆಗೆದ ಮೇಲೆ ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಈಗ ಕಣ್ಣೊಳಗೇ ಲೆನ್ಸ್ ಕೂರಿಸುತ್ತಾರೆ. ಸೋಂಕಿನ ಭಯದಿಂದ ಶಾಲೆಯಲ್ಲಿ ಆಪರೇಷನ್ ಮಾಡುವಂತಿಲ್ಲ. ಹಳ್ಳಿಯಲ್ಲಿ ತಪಾಸಣೆ ಮಾತ್ರ, ಉಳಿದದ್ದಕ್ಕೆ ಬಸ್ಸಿನಲ್ಲಿ ಬೆಂಗಳೂರಿಗೆ.

ಆ ಬಸ್ಸು ಹತ್ತಿಸುವುದೇ ದೊಡ್ಡ ಕೆಲಸ. ಚಿಕಿತ್ಸೆ, ಊಟ, ಪ್ರಯಾಣ ಎಲ್ಲ ಉಚಿತ ಎಂದರೂ ಜನ ಹಿಂದೆ ಸರಿಯುತ್ತಾರೆ. ಜೊತೆಗೆ ಬರುವವರ ಒಂದು ದಿನದ ಕೂಲಿ ಹೋಗುತ್ತದೆ, ಹಸು ಕರೆಯಲು ಜನ ಬೇಕು. ಹಾಗಾಗಿ ಒಂದೇ ಬೀದಿಯ ಮೂರ್ನಾಲ್ಕು ಜನರನ್ನು ಒಟ್ಟಿಗೆ ಕರೆದೊಯ್ಯುತ್ತೇನೆ, ಜೊತೆಗೆ ಒಬ್ಬರು ಬಂದರೆ ಸಾಕು. ಬಿಪಿ, ಸಕ್ಕರೆ ಊರಲ್ಲೇ ನೋಡಿಬಿಡುತ್ತೇವೆ. ಅಷ್ಟು ದೂರ ಬಂದು, ಸಕ್ಕರೆ ಜಾಸ್ತಿ ಇದೆ ಎಂದು ವಾಪಸ್ ಹೋದವರು ಮತ್ತೆ ಬರುವುದು ಕಷ್ಟ ಅಲ್ವಾ? ಈಗಾಗಲೇ ಆಪರೇಷನ್ ಆಗಿರುವ ಅದೇ ಊರಿನವರೊಬ್ಬರು ಬಸ್ಸಿನಲ್ಲಿದ್ದರೆ ನನ್ನ ಮಾತಿಗಿಂತ ಅವರ ಮಾತು ನಡೆಯುತ್ತದೆ.

ಆಮೇಲೆ ತಿಂಗಳಿಗೂ ಹೆಚ್ಚು ಕಾಲ ಕಣ್ಣಿಗೆ ಔಷಧಿ ಬಿಡಬೇಕು. ಯಾರು ಬಿಡುತ್ತಾರೆ ಎಂದು ಹೊರಡುವ ಮುಂಚೆಯೇ ಕೇಳಿ, ಅವರ ಕೈಯಲ್ಲೇ ಒಮ್ಮೆ ಬಿಡಿಸುತ್ತೇನೆ. ಓದು ಬಾರದವರಿಗೆ ಬಾಟಲಿ ಮುಚ್ಚಳದ ಬಣ್ಣ ಹೇಳಿಕೊಡುತ್ತೇನೆ.

ಕೆಲವರಿಗೆ ಏನೂ ಮಾಡಲಾಗುವುದಿಲ್ಲ. ಗ್ಲಾಕೋಮಾ ಎಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ. ಅದರಿಂದ ಹೋದ ದೃಷ್ಟಿ ಮರಳದು, ಉಳಿದಿರುವುದನ್ನು ಮಾತ್ರ ಕಾಪಾಡಬಹುದು. ಅದು ರಕ್ತಸಂಬಂಧಿಗಳಲ್ಲೂ ಬರುವ ಸಾಧ್ಯತೆ ಜಾಸ್ತಿ. ಅಂಥವರ ಮನೆಯಲ್ಲಿ 40 ದಾಟಿದ ಮಕ್ಕಳು, ಅಣ್ಣತಮ್ಮ, ಅಕ್ಕತಂಗಿಯರ ಹೆಸರನ್ನೂ ಅದೇ ಚೀಟಿಯಲ್ಲಿ ಬರೆದುಕೊಂಡು, ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆಗೆ ಕರೆಸುತ್ತೇನೆ.