ಬುವೊನ್ ಮಾ ಥುವೊಟ್‌ನ ಕಾಫಿ ತೋಟದಲ್ಲಿ ನಾನು ಕಲಿತದ್ದು

ವಿಯೆಟ್ನಾಂ ಅಧ್ಯಯನ ಪ್ರವಾಸದಲ್ಲಿ ನನ್ನ ಸಹಪಾಠಿಗಳು ಹೋ ಚಿ ಮಿನ್ ಸಿಟಿಯ ಕಾರ್ಖಾನೆಗಳನ್ನು ಆರಿಸಿಕೊಂಡರು. ನಾನು ಕೇಳಿ ಪಡೆದದ್ದು ಡಾಕ್ ಲಾಕ್ ಪ್ರಾಂತ್ಯದ ಬುವೊನ್ ಮಾ ಥುವೊಟ್. ಸಕಲೇಶಪುರದ ರೊಬಸ್ಟಾ ಕಾಫಿ ತೋಟದ ಮನೆಯಲ್ಲಿ ಬೆಳೆದವಳು ನಾನು. ಜಗತ್ತಿನಲ್ಲೇ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ದೇಶಕ್ಕೆ ಹೋಗಿ ಗಿಡ ನೋಡದೆ ಬರಲು ಮನಸ್ಸಾಗಲಿಲ್ಲ.

ವಿಯೆಟ್ನಾಂಗೆ ಕಾಫಿ ಬಂದದ್ದು 1857ರಲ್ಲಿ, ಫ್ರೆಂಚ್ ಪಾದ್ರಿಗಳ ಜೊತೆ. ಬೆಳೆ ಜೋರು ಹಿಡಿದದ್ದು ಮಾತ್ರ 1986ರ ‘ಡೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆಯ ನಂತರ. ಸಾಮೂಹಿಕ ಬೇಸಾಯ ಹೋಗಿ ಕುಟುಂಬಗಳ ಕೈಗೇ ಜಮೀನು ಬಂತು. ಕಾನೂನಿನ ಪ್ರಕಾರ ಭೂಮಿ ಈಗಲೂ ಇಡೀ ಜನರದ್ದು. ರೈತರಿಗೆ ಇರುವುದು ಬಳಸುವ ಹಕ್ಕು. ಅದನ್ನೇ ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ನಾನು ಹೋದದ್ದು ‘ಎದೆ’ ಎಂಬ ಹೆಸರಿನ ಬುಡಕಟ್ಟಿನವರ ಮನೆಗೆ. ಅಲ್ಲಿನ ಯಜಮಾನಿ ಆ ಹಕ್ಕಿನ ಕೆಂಪು ರಟ್ಟಿನ ಪತ್ರವನ್ನು ಬೀರುವಿನಿಂದ ತೆಗೆದು ತೋರಿಸಿದರು.

ಆ ಮನೆಯದ್ದೇ ಒಂದು ಪಾಠ. ಕಂಬಗಳ ಮೇಲೆ ನಿಂತ ಉದ್ದನೆಯ ಮನೆ. ಏಣಿಯ ತುದಿಯಲ್ಲಿ ಎರಡು ಮೊಲೆ, ಒಂದು ಅರ್ಧಚಂದ್ರ ಕೆತ್ತಿದ್ದಾರೆ. ಹತ್ತುವವರ ಕೈ ತಾಗಿ ತಾಗಿ ಮರ ನುಣ್ಣಗಾಗಿದೆ. ಮಗಳಿಗೆ ಮದುವೆಯಾದರೆ ಅಳಿಯ ಇಲ್ಲಿಗೇ ಬರುತ್ತಾನೆ, ಮನೆಯನ್ನು ಇನ್ನಷ್ಟು ಉದ್ದ ಮಾಡುವುದು ಹಳೆಯ ಪದ್ಧತಿ. ನಮ್ಮ ಕರಾವಳಿಯ ಅಳಿಯಕಟ್ಟು ನೆನಪಾಗುತ್ತದೆ, ಅಲ್ವಾ? ಆದರೆ ಇಲ್ಲಿ ಆಸ್ತಿ ಸೋದರಳಿಯನಿಗಲ್ಲ, ನೇರ ಮಗಳಿಗೆ. ಹಾಗಾಗಿ ತೋಟದ ಲೆಕ್ಕವನ್ನೂ ನಾನು ಹೆಂಗಸರ ಹತ್ತಿರವೇ ಕೇಳಿದೆ.

ಆದಾಯ ಎಷ್ಟು ಅಂತ ಯಾರನ್ನೂ ಮೊದಲು ಕೇಳಲಿಲ್ಲ. ಫೋನಿನಲ್ಲಿದ್ದ ನಮ್ಮ ತೋಟದ ಫೋಟೊ ತೋರಿಸಿದೆ. ಕಾಫಿಯ ಮೇಲೆ ಅಷ್ಟು ದೊಡ್ಡ ಮರಗಳನ್ನು ಕಂಡು ಆ ಮನೆಯ ಅಜ್ಜಿಗೆ ಆಶ್ಚರ್ಯ. ಗಿಡಕ್ಕೆ ಬಿಸಿಲು ಎಲ್ಲಿಂದ ಬರುತ್ತೆ ಅಂತ ದುಭಾಷಿಯ ಮೂಲಕ ಕೇಳಿದರು. ಅಲ್ಲಿಂದ ಮಾತು ತಾನಾಗಿ ಹರಿಯಿತು.

ಅವರಲ್ಲಿ ನೆರಳು ಕಡಿಮೆ. ಪ್ರತಿ ಗಿಡದ ಬುಡಕ್ಕೂ ಅಗಲವಾದ ಪಾತಿ. ಬೇಸಿಗೆಯಲ್ಲಿ ಪೈಪ್ ಎಳೆದು ಒಂದೊಂದೇ ಪಾತಿ ತುಂಬಿಸುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆಗಾಗಿ ನಮ್ಮ ಹಾಗೆ ಆಕಾಶ ನೋಡುತ್ತಾ ಕೂರುವ ಮಾತೇ ಇಲ್ಲ. ಹೆಕ್ಟೇರಿಗೆ ಇಳುವರಿ ನಮ್ಮ ರೊಬಸ್ಟಾದ ಎರಡು ಪಟ್ಟಿಗೂ ಜಾಸ್ತಿ. ಅದಕ್ಕೆ ತಕ್ಕಷ್ಟು ರಾಸಾಯನಿಕ ಗೊಬ್ಬರವನ್ನೂ ಸುರಿಯುತ್ತಾರೆ. ನೀರೆಲ್ಲ ಬಹುಪಾಲು ನೆಲದಡಿಯದ್ದು. ಬಾವಿ ಆಳವಾಗುತ್ತಲೇ ಇದೆ ಎಂದು ಯಜಮಾನಿ ಚಿಂತೆಯಿಂದ ಹೇಳಿದರು. ಕಾಫಿ ಕಿತ್ತು ಡುರಿಯನ್ ಹಣ್ಣಿನ ಗಿಡ ನೆಟ್ಟವರನ್ನೂ ಕಂಡೆ. ನೆರಳು ಕಡಿದರೆ ಇಳುವರಿ ಏರುತ್ತದೆ ಎಂದು ನಮ್ಮೂರಲ್ಲಿ ಹೇಳುವವರಿಗೆ ಆ ಬಾವಿಗಳನ್ನು ತೋರಿಸಬೇಕು ಅನ್ನಿಸಿತು. ನನ್ನ ವರದಿಯಲ್ಲಿ ಬೆಲೆಗಿಂತ ನೀರಿಗೇ ಹೆಚ್ಚು ಪುಟ ಕೊಟ್ಟೆ.

ಯಾರಾದರೂ ಹೋಗುವುದಾದರೆ ಮಾರ್ಚ್‌ನಲ್ಲಿ ಹೋಗಿ. ತೋಟಗಳಲ್ಲಿ ನೀರು ಹಾಯಿಸುವ ಕೆಲಸ ನಡೆದಿರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕಾಫಿ ಹಬ್ಬವೂ ಅದೇ ತಿಂಗಳಲ್ಲಿ.